ಕಂಕುಳು ಒಪ್ಪಬೇಕಲ್ಲ!

ಅಂಗಡಿಯಲ್ಲಿ ಮುಚ್ಚಳ ತೆಗೆದು ಮೂಸಿ, ಘಮ್ ಅಂದದ್ದನ್ನು ಎತ್ತಿಕೊಂಡು ಬರ್ತೀವಲ್ಲ, ನಾಜೂಕು ಚರ್ಮದವರು ಎಡವೋದು ಅಲ್ಲೇ. ನಮ್ಮ ಮೊಮ್ಮಗಳು ಹಾಗೇ ತಂದ ಡಿಯೋಡರೆಂಟ್ ಸ್ಟಿಕ್ಕನ್ನು ನಾಲ್ಕು ದಿನ ಹಚ್ಚಿದಳು. ಐದನೇ ದಿನ ತೋಳು ಮೈಗೆ ತಾಗಿಸೋಕಾಗದೆ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಓಡಾಡ್ತಿದ್ದಳು. ಕಂಕುಳಿನ ಗುಳಿಯೆಲ್ಲ ಕೆಂಪಗೆ, ಸಾಸಿವೆ ಕಾಳಿನಂಥ ಗುಳ್ಳೆ. ಗುಳಿಯಲ್ಲೇ ಕೆಂಪಾಗಿದ್ದರೆ ಮೊದಲು ಹಚ್ಚಿದ್ದರ ಮೇಲೆ ಅನುಮಾನ ಪಡಿ; ಗುಳಿ ಬಿಟ್ಟು ಸುತ್ತಲಿನ ಅಂಚಿನಲ್ಲಿ ತುರಿಸ್ತಿದ್ದರೆ ಬಟ್ಟೆಯ ಮೇಲೆ.

ಡಿಯೋಡರೆಂಟ್ ಬೆವರು ನಿಲ್ಲಿಸೋದಿಲ್ಲ. ಆಗಷ್ಟೇ ಬಂದ ಬೆವರಿಗೆ ಹೆಚ್ಚುಕಮ್ಮಿ ವಾಸನೆಯೇ ಇರೋದಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಹುಟ್ಟೋದು. ಡಿಯೋಡರೆಂಟ್ ಆ ನಾತವನ್ನು ತಗ್ಗಿಸುತ್ತೆ, ಅಷ್ಟೆ. ಬೆವರನ್ನೇ ತಗ್ಗಿಸೋದು ಬೇರೆ, ಅದು ಆಂಟಿಪರ್ಸ್ಪಿರಂಟ್. ಆಂಟಿಪರ್ಸ್ಪಿರಂಟ್‌ನ ಅಲ್ಯೂಮಿನಿಯಂ ಲವಣ ಬೆವರಿನ ದಾರಿಗೇ ಕೆಲ ಹೊತ್ತು ಬಿರಡೆ ಹಾಕುತ್ತೆ. ವಾಸನೆಯದಷ್ಟೇ ಚಿಂತೆ ಅಂದರೆ ಎರಡನೆಯದು ಬೇಕಾಗೇ ಇಲ್ಲ.

ಹೆಚ್ಚು ಕಾಡೋದು ಸುಗಂಧ. 'ಫ್ರಾಗ್ರೆನ್ಸ್ ಫ್ರೀ' ಅಂತಿರೋದನ್ನೇ ಹುಡುಕಿ. 'ಅನ್‌ಸೆಂಟೆಡ್' ಅಂದರೆ ಅದೇ ಅಂದುಕೊಳ್ಳಬೇಡಿ. ಪದಾರ್ಥಗಳ ಸ್ವಂತ ವಾಸನೆ ಮುಚ್ಚೋಕೆ ಅದರಲ್ಲೂ ಸುಗಂಧ ಸೇರಿರಬಹುದು. 'ನ್ಯಾಚುರಲ್' ಅನ್ನೋ ಪದಕ್ಕಂತೂ ನಾನು ಮರುಳಾಗೋದೇ ಇಲ್ಲ. ಅದರಲ್ಲಿ ಎಷ್ಟೋ ಸಲ ಅಡುಗೆ ಸೋಡಾ ಇರುತ್ತೆ. ನಮ್ಮ ಚರ್ಮ ಸಹಜವಾಗಿ ಕೊಂಚ ಹುಳಿ, ಪಿಎಚ್ (ಹುಳಿ-ಕ್ಷಾರದ ಅಳತೆ) 5ರ ಆಸುಪಾಸು. ಸೋಡಾದ್ದು 8ರ ಮೇಲೆ, ಅಂದರೆ ಕ್ಷಾರ. ದಿನಾ ತಿಕ್ಕಿದರೆ ಉರಿಯದೆ ಇನ್ನೇನಾಗುತ್ತೆ? ಅಲ್ಯೂಮಿನಿಯಂ ಬೇಡ ಅಂತ ಪಟಿಕದ ಕಲ್ಲು ತರೋರೂ ಇದ್ದಾರೆ, ಪಟಿಕವೂ ಅಲ್ಯೂಮಿನಿಯಂ ಲವಣವೇ! ನಿಂಬೆರಸದ ಸಹವಾಸವಂತೂ ಬೇಡ.

ಹೊಸದು ತಂದರೆ ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಆಂಟಿಪರ್ಸ್ಪಿರಂಟ್ ಆದರೆ ರಾತ್ರಿ ಹಚ್ಚಿ. ಆಗ ಬೆವರು ಕಡಿಮೆ, ಬಿರಡೆ ಚೆನ್ನಾಗಿ ಕೂರುತ್ತೆ. ಕಂಕುಳು ಪೂರ್ತಿ ಒಣಗಿರಬೇಕು, ಅಲ್ಯೂಮಿನಿಯಂ ಕ್ಲೋರೈಡ್ ಇರೋದಾದರೆ ತೇವಕ್ಕೆ ಸೇರಿ ಆಮ್ಲವಾಗಿ ಚುರುಗುಟ್ಟುತ್ತೆ. ಶೇವ್ ಮಾಡಿದ ದಿನ ಯಾವುದೂ ಬೇಡ. ಉರಿ ಶುರುವಾದರೆ ಹಚ್ಚೋದನ್ನು ಅಂದೇ ನಿಲ್ಲಿಸಿ. ಕೆಂಪು ಇಳಿಯದೆ ನೀರು ಒಸರಿದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮೊಮ್ಮಗಳ ಹತ್ತಿರ ಈಗಿರೋದು ಸಪ್ಪೆ ರೋಲ್-ಆನ್. "ಹಚ್ಚಿದ್ದೇ ಗೊತ್ತಾಗಲ್ಲ ಅಜ್ಜಿ" ಅಂತ ಗೊಣಗ್ತಾಳೆ, ಎರಡೂ ಕೈ ಬೀಸಿಕೊಂಡು ಓಡಾಡ್ತಾ.