ದಾರ್ಶನಿಕರನ್ನು ದುಃಖದ ಕಡೆಯಿಂದ ಓದುವ ಬಗೆ

ಮನುಷ್ಯಸ್ವಭಾವ, ದುಃಖ, ಸ್ವಾತಂತ್ರ್ಯ ಎಂಬ ಮೂರು ವಿಷಯಗಳಲ್ಲಿ ದಾರ್ಶನಿಕರನ್ನು ಹೋಲಿಸಲು ಹೊರಟವರು ಸಾಮಾನ್ಯವಾಗಿ ಒಂದು ಕೋಷ್ಟಕ ಹಾಕಿಕೊಂಡು, ಒಬ್ಬೊಬ್ಬರ ಹೆಸರಿನ ಮುಂದೆ ಮೂರು ಮನೆಗಳನ್ನು ತುಂಬುತ್ತಾ ಹೋಗುತ್ತಾರೆ. ಕೋಷ್ಟಕವೇನೋ ಬೇಗ ತುಂಬುತ್ತದೆ, ಆದರೆ ಒಬ್ಬ ದಾರ್ಶನಿಕ ಹಾಗೇಕೆ ಹೇಳಿದ ಎಂಬುದು ಅದರಲ್ಲಿ ಕಾಣುವುದಿಲ್ಲ. ಮೂರರಲ್ಲಿ ದುಃಖವನ್ನೇ ಮೊದಲು ಕೈಗೆತ್ತಿಕೊಳ್ಳಿ. ಮನುಷ್ಯ ಏಕೆ ನೋಯುತ್ತಾನೆ ಎಂಬುದಕ್ಕೆ ಒಬ್ಬ ದಾರ್ಶನಿಕ ಕೊಡುವ ಕಾರಣವನ್ನು ಸರಿಯಾಗಿ ಹಿಡಿದರೆ, ಮನುಷ್ಯನನ್ನು ಎಂಥವನೆಂದು ಭಾವಿಸಿದ್ದಾನೆ, ಯಾವುದನ್ನು ಸ್ವಾತಂತ್ರ್ಯವೆಂದು ಕರೆಯುತ್ತಾನೆ ಎಂಬ ಎರಡೂ ಅದರ ಹಿಂದೆಯೇ ಬರುತ್ತವೆ.

ಇದಕ್ಕೆ ಒಂದು ಸಾಮಾನ್ಯ ನೋವನ್ನು ಆರಿಸಿಕೊಂಡು ಎಲ್ಲರಿಗೂ ಅದನ್ನೇ ಒಡ್ಡಬೇಕು. ವರ್ಷಗಟ್ಟಲೆ ದುಡಿದವನೊಬ್ಬನಿಗೆ ಬರಬೇಕಿದ್ದ ಬಡ್ತಿ ಜೊತೆಗಾರನಿಗೆ ಸಿಕ್ಕಿದೆ, ಇವನಿಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದಿಟ್ಟುಕೊಳ್ಳೋಣ. ಬುದ್ಧನ ಪ್ರಕಾರ ಈ ನೋವಿನ ಬೇರು ತೃಷ್ಣೆಯಲ್ಲಿದೆ. ‘ನನಗೆ ಸಿಗಬೇಕಿತ್ತು’ ಎನ್ನುವಾಗ ಸ್ಥಿರವಾದ ಒಂದು ‘ನಾನು’ ಇದೆಯೆಂದು ಅವನು ನಂಬಿದ್ದಾನೆ. ಆದರೆ ಅಲ್ಲಿರುವುದು ಕ್ಷಣಕ್ಷಣಕ್ಕೂ ಬದಲಾಗುವ ಐದು ಸ್ಕಂಧಗಳ, ಅಂದರೆ ದೇಹ, ಸಂವೇದನೆ, ಗ್ರಹಿಕೆ, ಮನೋಪ್ರವೃತ್ತಿ, ಅರಿವುಗಳ ಕೂಟ ಮಾತ್ರ. ಆದ್ದರಿಂದ ಬಿಡುಗಡೆಯೆಂದರೆ ಬಯಸಿದ್ದು ದೊರೆಯುವುದಲ್ಲ, ಬಯಕೆಯ ಉರಿ ಆರುವುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದಿನಬಳಕೆಯ ಕನ್ನಡದಲ್ಲಿ ‘ದುಃಖ’ ಎಂದರೆ ಅಳಲು, ಆದರೆ ಬುದ್ಧನ ಮಾತಿನಲ್ಲಿ ಅದು ಸುಖದ ಹೊತ್ತಿನಲ್ಲಿಯೂ ಒಳಗೇ ಇರುವ ಅತೃಪ್ತಿ, ಅಸ್ಥಿರತೆ. ಇದನ್ನು ಗಮನಿಸದೆ ಬೌದ್ಧಮತವನ್ನು ನಿರಾಶಾವಾದವೆಂದು ತಳ್ಳಿಹಾಕುವುದು ಹಳೆಯ ತಪ್ಪು.

ಪ್ರಾಚೀನ ರೋಮ್ ಸಾಮ್ರಾಜ್ಯದಲ್ಲಿ ಗುಲಾಮನಾಗಿ ಬದುಕು ಆರಂಭಿಸಿದ ದಾರ್ಶನಿಕ ಎಪಿಕ್ಟೆಟಸ್ ಅದೇ ವ್ಯಕ್ತಿಗೆ, ಬಡ್ತಿ ನಿನ್ನ ಅಧೀನದಲ್ಲಿರಲಿಲ್ಲ, ಅದರ ಬಗ್ಗೆ ನೀನು ಮಾಡಿಕೊಂಡ ತೀರ್ಮಾನ ಮಾತ್ರ ನಿನ್ನದು, ನೋಯಿಸುತ್ತಿರುವುದೂ ಅದೇ ಎನ್ನುತ್ತಾನೆ. ಮಾರ್ಕ್ಸ್‌ ನೋಟವನ್ನು ಹೊರಕ್ಕೆ ತಿರುಗಿಸುತ್ತಾನೆ. 1844ರ ಹಸ್ತಪ್ರತಿಗಳಲ್ಲಿ ಅವನು ಹೇಳುವಂತೆ, ದುಡಿಯುವವನು ಮಾಡಿದ ವಸ್ತುವೇ ಅವನೆದುರು ಪರಕೀಯವಾಗಿ ನಿಲ್ಲುತ್ತದೆ, ಜೊತೆಯವನೂ ಪರಕೀಯನಾಗುತ್ತಾನೆ. ಮುಕ್ತವಾಗಿ ಸೃಷ್ಟಿಸುವುದು ಮನುಷ್ಯನ ಸ್ವಭಾವವಾದ್ದರಿಂದ, ದುಡಿಮೆಯ ವ್ಯವಸ್ಥೆ ಬದಲಾಗದೆ ಸ್ವಾತಂತ್ರ್ಯವಿಲ್ಲ.

‘ಮನುಷ್ಯ ಒಳ್ಳೆಯವನೋ ಕೆಟ್ಟವನೋ’ ಎಂಬ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಡಿ. ಚೀನಾದ ಮೆನ್ಶಿಯಸ್‌, ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಯಾರ ಎದೆಯಾದರೂ ತಲ್ಲಣಿಸುತ್ತದೆ, ಆದ್ದರಿಂದ ಸ್ವಭಾವ ಒಳ್ಳೆಯದು ಎಂದ. ಅದೇ ನಾಡಿನ ಶುನ್‌ಜಿ ಅದು ಕೆಟ್ಟದ್ದು ಎಂದ. ಆದರೂ ಕಲಿಕೆಯಿಂದ ಮನುಷ್ಯ ತನ್ನನ್ನು ತಿದ್ದಿಕೊಳ್ಳಬೇಕೆಂಬಲ್ಲಿ ಇಬ್ಬರೂ ಕೂಡುತ್ತಾರೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಹದಿನೇಳನೆಯ ಶತಮಾನದ ಡಚ್ ದಾರ್ಶನಿಕ ಸ್ಪಿನೋಜಾನ ಬಳಿ. 1674ರ ಒಂದು ಪತ್ರದಲ್ಲಿ ಅವನು, ಎಸೆಯಲ್ಪಟ್ಟ ಕಲ್ಲಿಗೆ ಪ್ರಜ್ಞೆ ಬಂದರೆ ತಾನು ಸ್ವಂತ ಇಚ್ಛೆಯಿಂದಲೇ ಹಾರುತ್ತಿದ್ದೇನೆಂದು ಅದು ನಂಬೀತು ಎನ್ನುತ್ತಾನೆ. ನಮ್ಮ ಬಯಕೆ ನಮಗೆ ತಿಳಿದಿರುತ್ತದೆ, ಅದನ್ನು ಹುಟ್ಟಿಸಿದ ಕಾರಣ ತಿಳಿದಿರುವುದಿಲ್ಲ. ನಿದ್ದೆಗೆಟ್ಟ ನಮ್ಮ ವ್ಯಕ್ತಿಯ ಅಸೂಯೆಗೂ ಕಾರಣಗಳಿವೆ. ಅವುಗಳನ್ನು ಸ್ಪಷ್ಟವಾಗಿ ಅರಿತಷ್ಟೂ ಅವನು ಆ ಭಾವದ ಕೈಗೊಂಬೆಯಾಗಿರುವುದು ಕಡಿಮೆಯಾಗುತ್ತದೆ. ಎಲ್ಲವೂ ಹಿಂದಿನ ಕಾರಣಗಳಿಂದ ನಿರ್ಧಾರವಾಗುತ್ತದೆಂಬ ನಿಯತಿಯನ್ನು ಒಪ್ಪಿಕೊಂಡೂ ಸ್ವಾತಂತ್ರ್ಯಕ್ಕೆ ಇಷ್ಟು ಗಟ್ಟಿಯಾದ ಅರ್ಥ ಕೊಟ್ಟವರು ವಿರಳ ಎಂಬುದು ನನ್ನ ಅಭಿಪ್ರಾಯ.

ಇಪ್ಪತ್ತನೆಯ ಶತಮಾನದ ಫ್ರೆಂಚ್ ದಾರ್ಶನಿಕ ಸಾರ್ತ್ರ್‌ನ ಬಳಿಗೆ ಬಂದಾಗ ಈ ಕ್ರಮವೇ ತಲೆಕೆಳಗಾಗುತ್ತದೆ, ಆದ್ದರಿಂದ ಅವನನ್ನು ಕೊನೆಗೆ ಇಟ್ಟುಕೊಳ್ಳಿ. 1945ರ ಉಪನ್ಯಾಸದಲ್ಲಿ ಅವನು ಮನುಷ್ಯನಿಗೆ ಮೊದಲೇ ನಿಗದಿಯಾದ ಸ್ವಭಾವವಿಲ್ಲ, ಅವನು ತನ್ನ ಆಯ್ಕೆಗಳಿಂದ ತನ್ನನ್ನು ಮಾಡಿಕೊಳ್ಳುತ್ತಾನೆ ಎಂದು ವಾದಿಸಿದ. ಇಲ್ಲಿ ಸ್ವಾತಂತ್ರ್ಯವು ನೋವಿನ ಮದ್ದಲ್ಲ, ತಳಮಳದ ಮೂಲವೇ ಅದು.

ಓದುವಾಗ ‘ಬಿಡುಗಡೆ’ ಮತ್ತು ‘ಸ್ವಾತಂತ್ರ್ಯ’ ಎಂಬ ಎರಡು ಪದಗಳನ್ನು ಬೇರೆಯಾಗಿಯೇ ಬಳಸಿ. 1651ರಲ್ಲಿ ಇಂಗ್ಲಿಷ್ ದಾರ್ಶನಿಕ ಹಾಬ್ಸ್ ಸ್ವಾತಂತ್ರ್ಯವನ್ನು ಹೊರಗಿನ ಅಡೆತಡೆಯಿಲ್ಲದಿರುವುದು ಎಂದಷ್ಟೇ ವಿವರಿಸಿದ. ಬುದ್ಧನ ನಿರ್ವಾಣವನ್ನು ಆ ಪದದೊಳಗೆ ತುರುಕಿದರೆ ಇಬ್ಬರೂ ಕೆಡುತ್ತಾರೆ. ಪ್ರತಿಯೊಬ್ಬನ ಹೆಸರಿನ ಕೆಳಗೆ, ಅವನ ವಿವರಣೆ ಮುಟ್ಟಲಾರದ ಒಂದು ನೋವನ್ನೂ ಬರೆದಿಡಿ. ತೀರ್ಮಾನ ಮಾಡಲು ಇನ್ನೂ ಬಾರದ ಹಸುಗೂಸಿನ ನೋವಿಗೆ ಎಪಿಕ್ಟೆಟಸ್‌ ಏನೆಂದಾನು? ವ್ಯವಸ್ಥೆ ಬದಲಾದ ಮೇಲೂ ಉಳಿಯುವ ಸಾವಿನ ಭಯಕ್ಕೆ ಮಾರ್ಕ್ಸ್‌?

ಮೂಲಗ್ರಂಥಗಳಿಗೆ ಇಳಿಯುವಾಗ ಎಪಿಕ್ಟೆಟಸ್‌ನ ಕಿರುಕೈಪಿಡಿಯಿಂದ ಆರಂಭಿಸುವುದು ಸುಲಭ. 1677ರಲ್ಲಿ ಸ್ಪಿನೋಜಾನ ಮರಣದ ನಂತರ ಪ್ರಕಟವಾದ ‘ಎಥಿಕ್ಸ್’ ರೇಖಾಗಣಿತದ ರೀತಿಯಲ್ಲಿದ್ದು ಮೊದಲ ಪುಟದಲ್ಲೇ ಹೆದರಿಸುತ್ತದೆ; ಮನುಷ್ಯನ ದಾಸ್ಯವನ್ನು ಕುರಿತ ನಾಲ್ಕನೆಯ ಭಾಗದ ಮುನ್ನುಡಿಯನ್ನು ಮೊದಲು ಓದಿ, ಆಮೇಲೆ ಹಿಂದಕ್ಕೆ ಬನ್ನಿ.