ಮೊದಲ ಬ್ಲಾಗಿಗೆ ಕಡಿಮೆ ಖರ್ಚಿನ ಹೋಸ್ಟಿಂಗ್: ಎರಡನೇ ವರ್ಷದ ಬಿಲ್ ನೋಡಿ ಕೊಳ್ಳಿ

ಬ್ಲಾಗಿನ ಫೈಲುಗಳನ್ನು ಇಡಲು ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಕೊಡುವುದೇ ಹೋಸ್ಟಿಂಗ್. ಅದನ್ನು ಮಾರುವ ಕಂಪನಿಗಳ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಬೆಲೆ ಸಾಮಾನ್ಯವಾಗಿ ಮೊದಲ ಅವಧಿಗೆ ಮಾತ್ರ. ನವೀಕರಣದ ಬೆಲೆ ಅದರ ಕೆಳಗೆ ಸಣ್ಣದಾಗಿ ಇರುತ್ತದೆ, ಕೆಲವು ಕಡೆ ಹಣ ಕಟ್ಟುವ ಪುಟಕ್ಕೆ ಹೋಗುವವರೆಗೂ ಕಾಣುವುದಿಲ್ಲ. ಅದರ ಮೇಲೆ 18% ಜಿಎಸ್‌ಟಿ ಬೇರೆ. ಹಾಗಾಗಿ ಯಾವ ಪ್ಲಾನನ್ನೇ ಆಗಲಿ, ಮೂರು ವರ್ಷದ ಒಟ್ಟು ಖರ್ಚು ಲೆಕ್ಕಹಾಕಿಯೇ ಇನ್ನೊಂದರ ಜೊತೆ ಹೋಲಿಸಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಮೊದಲ ಪ್ಲಾನು ಮೊದಲ ವರ್ಷ ತಿಂಗಳಿಗೆ ₹149, ಆಮೇಲೆ ತಿಂಗಳಿಗೆ ₹449 ಎಂದಿಟ್ಟುಕೊಳ್ಳಿ. ಜಿಎಸ್‌ಟಿ ಸೇರಿ ಮೊದಲ ವರ್ಷ ₹2,110, ನಂತರ ಪ್ರತಿ ವರ್ಷ ₹6,358. ಮೂರು ವರ್ಷಕ್ಕೆ ₹14,826. ಎರಡನೆಯ ಪ್ಲಾನು ಮೊದಲಿನಿಂದಲೂ ತಿಂಗಳಿಗೆ ₹250. ವರ್ಷಕ್ಕೆ ₹3,540, ಮೂರು ವರ್ಷಕ್ಕೆ ₹10,620. ಮೊದಲ ವರ್ಷ ₹1,430 ಉಳಿಸಿದಂತೆ ಕಂಡ ಪ್ಲಾನು ಮೂರು ವರ್ಷ ಮುಗಿಯುವಾಗ ₹4,206 ಹೆಚ್ಚಿಗೆ ತಿಂದಿರುತ್ತದೆ.

ತೀರಾ ಕಡಿಮೆ ದರ ಸಿಗುವುದು 48 ತಿಂಗಳಿಗೆ ಒಟ್ಟಿಗೆ ಕಟ್ಟಿದರೆ. ತಿಂಗಳಿಗೆ ₹99 ಎಂದರೂ ಒಂದೇ ಸಲ ಕೈಯಿಂದ ಹೋಗುವುದು ಜಿಎಸ್‌ಟಿ ಸೇರಿ ₹5,607. ನಾಲ್ಕು ವರ್ಷ ಬಿಡದೆ ಬರೆಯುವವರಿಗೆ ಅದು ಲಾಭವೇ. ಆದರೆ ಮೊದಲ ಬ್ಲಾಗು ನಾಲ್ಕು ವರ್ಷ ನಡೆಯುತ್ತದೆಂದು ಯಾರೂ ಮೊದಲೇ ಹೇಳಲಾರರು, ಆ ಕಂಪನಿಯ ಸೇವೆ ಅಷ್ಟು ದಿನ ಚೆನ್ನಾಗಿಯೇ ಇರುತ್ತದೆ ಎಂಬ ಭರವಸೆಯೂ ಇಲ್ಲ. ಮೊದಲ ಸಲ 12 ತಿಂಗಳಿಗೆ ಮಾತ್ರ ಕಟ್ಟಿ. ಸ್ವಲ್ಪ ಹೆಚ್ಚು ಬಿದ್ದರೂ ಸರಿ, ಬಿಟ್ಟು ಹೊರಡುವ ಸ್ವಾತಂತ್ರ್ಯ ಕೈಯಲ್ಲಿರಬೇಕು. ಮುಂದೆ ಹೇಳುವ ಹೆಚ್ಚಿನ ಸಲಹೆಗಳು ಇದಕ್ಕಾಗಿಯೇ.

ಹೋಸ್ಟಿಂಗ್ ನಿಜಕ್ಕೂ ಬೇಕೇ?

ಬರೀ ಬರಹ, ಜೊತೆಗೆ ನಾಲ್ಕಾರು ಫೋಟೊ ಹಾಕುವುದಿದ್ದರೆ ಗೂಗಲ್‌ನ ಬ್ಲಾಗರ್ ಸಾಕು. ಹೋಸ್ಟಿಂಗ್‌ಗೆ ಒಂದು ರೂಪಾಯಿಯೂ ಬೇಡ, ನಿಮ್ಮದೇ ಡೊಮೇನ್ ಹೆಸರನ್ನು (ಸ್ವಂತ ವೆಬ್ ವಿಳಾಸ) ಉಚಿತವಾಗಿ ಜೋಡಿಸಬಹುದು. ವರ್ಷಕ್ಕೆ ಆಗುವ ಖರ್ಚು ಡೊಮೇನಿನದ್ದು ಮಾತ್ರ. ವಿನ್ಯಾಸದಲ್ಲಿ ಕೈಕಟ್ಟು ಇದೆ, ಪ್ಲಗಿನ್‌ಗಳು, ಅಂದರೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಗಳು, ಇಲ್ಲ. ಆದರೂ ಬರಹಗಳನ್ನೆಲ್ಲ ಒಂದು ಫೈಲಾಗಿ ಇಳಿಸಿಕೊಂಡು ಮುಂದೆ ವರ್ಡ್‌ಪ್ರೆಸ್ ಎಂಬ ಬ್ಲಾಗ್ ತಂತ್ರಾಂಶಕ್ಕೆ ತುಂಬಿಕೊಳ್ಳುವ ದಾರಿ ತೆರೆದಿದೆ. ವಾರಕ್ಕೊಂದು ಬರಹ ಬರೆಯಬಲ್ಲೆನೋ ಇಲ್ಲವೋ ಎಂಬ ಅನುಮಾನ ಇರುವವರು ಇಲ್ಲಿಂದಲೇ ಶುರುಮಾಡಲಿ.

ಸ್ವಲ್ಪ ತಾಂತ್ರಿಕ ಕೆಲಸ ಬಲ್ಲವರಿಗೆ ಗಿಟ್‌ಹಬ್ ಪೇಜಸ್ ಎಂಬ ಹೋಸ್ಟಿಂಗ್ ಸೇವೆ ಕೂಡ ಉಚಿತ. ಸೈಟಿನ ಗಾತ್ರ 1 ಜಿಬಿ ಮೀರಬಾರದು, ತಿಂಗಳ ಬ್ಯಾಂಡ್‌ವಿಡ್ತ್‌ಗೆ, ಅಂದರೆ ಓದುಗರಿಗೆ ಹೋಗುವ ಒಟ್ಟು ಡೇಟಾಗೆ, 100 ಜಿಬಿಯ ಮೃದು (ಅಷ್ಟು ಕಟ್ಟುನಿಟ್ಟಲ್ಲದ) ಮಿತಿ ಇದೆ. ಬ್ಲಾಗಿಗೆ ಅದು ಧಾರಾಳ.

ವಿನ್ಯಾಸ, ಪ್ಲಗಿನ್, ಚಂದಾದಾರರ ಪಟ್ಟಿ ಎಲ್ಲ ನಮ್ಮ ಕೈಯಲ್ಲೇ ಇರಬೇಕು ಅನ್ನುವವರಿಗೆ ವರ್ಡ್‌ಪ್ರೆಸ್ ಮತ್ತು ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಹಲವು ಗಿರಾಕಿಗಳು ಹಂಚಿಕೊಳ್ಳುವುದು). ವಿಪಿಎಸ್ (ನಿಮಗೇ ಮೀಸಲಾದ ವರ್ಚುವಲ್ ಸರ್ವರ್) ಕಡೆ ಈಗಲೇ ಹೋಗಬೇಡಿ. ಅಲ್ಲಿ ಸರ್ವರ್‌ನ ಅಪ್‌ಡೇಟ್, ಭದ್ರತೆ, ಬ್ಯಾಕಪ್ ಎಲ್ಲವೂ ನಿಮ್ಮ ತಲೆಯ ಮೇಲೆ.

ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ

ಹೋಸ್ಟಿಂಗ್ ಜೊತೆ ಡೊಮೇನ್ ಉಚಿತ ಎಂದರೆ ಉಚಿತವಾಗಿರುವುದು ಮೊದಲ ವರ್ಷ. ಮಧ್ಯದಲ್ಲಿ ಹಣ ವಾಪಸ್ ಕೇಳಿದರೆ ಡೊಮೇನಿನ ಬೆಲೆಯನ್ನು ಹಿಡಿದುಕೊಂಡು ಉಳಿದದ್ದು ಕೊಡುವುದೇ ರೂಢಿ. ಡೊಮೇನನ್ನು ಬೇರೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಬಳಿ ಕೊಂಡರೆ ಹೋಸ್ಟಿಂಗ್ ಕೈಕೊಟ್ಟ ದಿನ ನೇಮ್‌ಸರ್ವರ್ (ಡೊಮೇನ್ ಯಾವ ಹೋಸ್ಟಿಂಗ್ ಕಡೆ ಹೋಗಬೇಕೆಂದು ಹೇಳುವ ಸೆಟ್ಟಿಂಗ್) ಬದಲಿಸಿ ಇನ್ನೊಂದು ಕಡೆಗೆ ತಿರುಗಿಸಿದರೆ ಮುಗಿಯಿತು. ಎರಡೂ ಒಂದೇ ಖಾತೆಯಲ್ಲಿದ್ದರೆ, ಆ ಖಾತೆಗೆ ಬೀಗ ಬಿದ್ದ ದಿನ ಹೆಸರೂ ಹೋಯಿತು, ಬರಹವೂ ಹೋಯಿತು.

ಊರಿನ ವೆಬ್‌ಸೈಟ್ ಮಾಡಿಕೊಡುವವರಿಂದ ಕೊಳ್ಳುವುದಾದರೆ ಡೊಮೇನ್ ನಿಮ್ಮ ಹೆಸರು ಮತ್ತು ನಿಮ್ಮ ಇಮೇಲ್‌ನಲ್ಲೇ ನೋಂದಣಿಯಾಗಬೇಕು, ರಿಜಿಸ್ಟ್ರಾರ್ ಖಾತೆಯ ಪಾಸ್‌ವರ್ಡ್ ನಿಮ್ಮ ಕೈಗೆ ಬರಬೇಕು. ಹಣ ಕೊಟ್ಟವರು ನೀವಾದರೂ ದಾಖಲೆಯಲ್ಲಿ ಅವರ ಹೆಸರಿದ್ದರೆ ಆ ಡೊಮೇನ್ ಅವರದ್ದೇ.

ನವೀಕರಣದ ದಿನಾಂಕವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಒಂದು ತಿಂಗಳು ಮುಂಚಿತವಾಗಿ ಹಾಕಿಡಿ. ಆಟೋ ರಿನ್ಯೂ ಒತ್ತಿದ್ದೇನಲ್ಲ ಎಂದು ನಂಬಿ ಕೂರಬೇಡಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ಮೊದಲೇ ಕೊಡುವ ಒಪ್ಪಿಗೆ) ನೋಂದಣಿ ಇಲ್ಲದೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಿಲ್ಲ. ವಿದೇಶಿ ಕಂಪನಿಗಳ ನವೀಕರಣ ಸದ್ದಿಲ್ಲದೆ ವಿಫಲವಾಗುವುದು ಹೆಚ್ಚಾಗಿ ಇದರಿಂದಲೇ. ಡಾಟ್ ಕಾಮ್ ಹೆಸರು ಅವಧಿ ಮೀರಿ ರಿಡೆಂಪ್ಷನ್ ಹಂತಕ್ಕೆ ಹೋದರೆ 30 ದಿನದೊಳಗೆ ಬಿಡಿಸಿಕೊಳ್ಳಬಹುದು, ಆದರೆ ಅದರ ಶುಲ್ಕ ಮಾಮೂಲಿ ನವೀಕರಣದ ಹಲವು ಪಟ್ಟು.

ಪ್ಲಾನಿನಲ್ಲಿ ಏನು ನೋಡಬೇಕು

ಡಿಸ್ಕ್ ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕನ್ನಡದ ಪ್ರತಿ ಅಕ್ಷರಚಿಹ್ನೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ 3 ಬೈಟ್ ಹಿಡಿಯುತ್ತದೆ. ಸಾವಿರ ಪದದ ಲೇಖನವೊಂದು ಸುಮಾರು 25 ಕೆಬಿ, ಅಂಥ ಐನೂರು ಲೇಖನ ಬರೆದರೂ 12-13 ಎಂಬಿ ಅಷ್ಟೆ. ಬ್ಯಾಂಡ್‌ವಿಡ್ತ್ ಕೂಡ ಹಾಗೆಯೇ: ಒಂದು ಪುಟ 1.5 ಎಂಬಿ ಇದ್ದು ತಿಂಗಳಿಗೆ 10,000 ಸಲ ತೆರೆದರೆ 15 ಜಿಬಿ. ‘ಅನ್‌ಲಿಮಿಟೆಡ್’ ಎಂಬ ಮಾತಿಗೆ ಹೆಚ್ಚು ಹಣ ಕೊಡುವ ಅಗತ್ಯವೇ ಇಲ್ಲ.

ನಿಜವಾಗಿ ಕಾಡುವ ಮಿತಿಗಳು ಬೇರೆ. ಒಂದು, ಇನೋಡ್, ಅಂದರೆ ಖಾತೆಯಲ್ಲಿರುವ ಫೈಲು ಮತ್ತು ಫೋಲ್ಡರ್‌ಗಳ ಒಟ್ಟು ಸಂಖ್ಯೆ. ವರ್ಡ್‌ಪ್ರೆಸ್ ಒಂದೇ ಮೂರು ಸಾವಿರಕ್ಕೂ ಹೆಚ್ಚು ಫೈಲು ತರುತ್ತದೆ. ಮೊಬೈಲಿನಲ್ಲಿ ತೆಗೆದ 4,000 ಪಿಕ್ಸೆಲ್ ಅಗಲದ ಫೋಟೊ ಹಾಕಿದಿರಿ ಅನ್ನಿ. ವರ್ಡ್‌ಪ್ರೆಸ್ ಮೂಲ ಪ್ರತಿಯನ್ನು ಇಟ್ಟುಕೊಂಡು 2,560 ಪಿಕ್ಸೆಲ್‌ನದ್ದೊಂದು, ಆಮೇಲೆ 2,048, 1,536, 1,024, 768, 300, 150 ಹೀಗೆ ಸಣ್ಣವನ್ನು ತಯಾರಿಸುತ್ತದೆ. ಒಂದು ಫೋಟೊ ಎಂಟು ಫೈಲಾಯಿತು. ಥೀಮು ತನ್ನದೇ ಅಳತೆಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಲೇಖನಕ್ಕೆ ನಾಲ್ಕು ಫೋಟೊ, ಮುನ್ನೂರು ಲೇಖನ ಎಂದರೆ 9,600 ಫೈಲು. ಕ್ಯಾಶ್ ಫೈಲುಗಳು (ಬೇಗ ತೋರಿಸಲೆಂದು ಸಿದ್ಧಮಾಡಿಟ್ಟ ಪುಟಗಳ ಪ್ರತಿಗಳು) ಮತ್ತು ಮೇಲ್‌ಬಾಕ್ಸಿನ ಪ್ರತಿ ಇಮೇಲ್ ಕೂಡ ಇದೇ ಲೆಕ್ಕಕ್ಕೆ ಬೀಳುತ್ತವೆ. ಜಾಗ ಖಾಲಿ ಇದ್ದರೂ ಇನೋಡ್ ತುಂಬಿದರೆ ಹೊಸ ಫೋಟೊ ಏರುವುದಿಲ್ಲ, ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಒಂದು ಲಕ್ಷಕ್ಕಿಂತ ಕಡಿಮೆ ಇನೋಡ್ ಕೊಡುವ ಪ್ಲಾನು ಬೇಡ. ಫೋಟೊಗಳನ್ನು 1,600 ಪಿಕ್ಸೆಲ್‌ಗೆ ಇಳಿಸಿಕೊಂಡೇ ಏರಿಸಿ, ಅರ್ಧ ಸಮಸ್ಯೆ ಅಲ್ಲೇ ಕಳೆಯಿತು.

ಎರಡನೆಯದು ಎಂಟ್ರಿ ಪ್ರೋಸೆಸ್, ಅಂದರೆ ಒಂದೇ ಗಳಿಗೆಯಲ್ಲಿ ಎಷ್ಟು ಪಿಎಚ್‌ಪಿ (ವರ್ಡ್‌ಪ್ರೆಸ್ ಪುಟ ತಯಾರಿಸುವ ಪ್ರೋಗ್ರಾಂ ಭಾಷೆ) ಕೋರಿಕೆಗಳು ನಡೆಯಬಹುದು ಎಂಬುದು. ನಿಮ್ಮ ಬರಹವೊಂದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿ ಐದು ನಿಮಿಷದಲ್ಲಿ ಇನ್ನೂರು ಜನ ಒಟ್ಟಿಗೆ ಬಂದರೆ, ಬರಹಕ್ಕೆ ಓದುಗರು ಸಿಕ್ಕ ಆ ಹೊತ್ತಿಗೇ ಸೈಟು ‘508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’ ಎಂದು ತೋರಿಸಬಹುದು. ಕನಿಷ್ಠ 20 ಎಂಟ್ರಿ ಪ್ರೋಸೆಸ್, 1 ಜಿಬಿ ರ‍್ಯಾಮ್, ಒಂದು ಪೂರ್ತಿ ಸಿಪಿಯು ಕೋರ್ ಇರುವ ಪ್ಲಾನು ನೋಡಿ. ಅದಕ್ಕಿಂತ ಮುಖ್ಯವಾದದ್ದು ಕ್ಯಾಶ್. ಲೈಟ್‌ಸ್ಪೀಡ್ ಎಂಬ ಸರ್ವರ್ ತಂತ್ರಾಂಶ ಇದ್ದರೆ ಉಚಿತವಾದ ಲೈಟ್‌ಸ್ಪೀಡ್ ಕ್ಯಾಶ್ ಪ್ಲಗಿನ್ ಹಾಕಿಕೊಳ್ಳಬಹುದು. ಆಗ ಸಿದ್ಧವಾದ ಪುಟವನ್ನು ಸರ್ವರ್ ನೇರವಾಗಿ ಕೊಡುತ್ತದೆ, ಪಿಎಚ್‌ಪಿ ಏಳುವುದೇ ಇಲ್ಲ. ಅದೇ ಪ್ಲಾನು ಹತ್ತು ಪಟ್ಟು ಓದುಗರನ್ನೂ ತಾಳಿಕೊಳ್ಳಬಲ್ಲದು.

ಸರ್ವರ್ ಎಲ್ಲಿದೆ ಎಂಬುದೂ ಮುಖ್ಯ. ಓದುಗರು ಹೆಚ್ಚಾಗಿ ಕರ್ನಾಟಕದಲ್ಲೇ ಇದ್ದರೆ ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್ ಆರಿಸಿ. ಅಮೆರಿಕದ ಸರ್ವರ್‌ಗೆ ಒಂದು ಸುತ್ತು ಹೋಗಿ ಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ, ಒಂದು ಪುಟ ತೆರೆಯಲು ಅಂಥ ಹಲವು ಸುತ್ತು ಬೇಕು. ಆಯ್ಕೆ ಬರುವುದು ಕೊಳ್ಳುವ ಪುಟದಲ್ಲಿ, ತಪ್ಪಿದರೆ ಆಮೇಲೆ ಬದಲಿಸುವುದು ಗೋಳು.

ಎಸ್‌ಎಸ್‌ಎಲ್‌ಗೆ (ಸೈಟಿನ ಸಂಪರ್ಕವನ್ನು ಭದ್ರವಾಗಿಡುವ ಪ್ರಮಾಣಪತ್ರ) ಹಣ ಕೇಳುವವರ ಬಳಿ ಕೊಳ್ಳಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ತಾನಾಗಿಯೇ ನವೀಕರಣವಾಗುತ್ತದೆ. ಇನ್ನು 99.9% ಅಪ್‌ಟೈಮ್ ಎಂದರೆ ತಿಂಗಳಿಗೆ 43 ನಿಮಿಷ ಸೈಟು ನಿಂತರೂ ಅವರು ಮಾತು ತಪ್ಪಿಲ್ಲ ಎಂದರ್ಥ. ಬ್ಲಾಗಿಗೆ ಅಷ್ಟು ಸಾಕು.

ಹಣ ಕಟ್ಟುವ ಮೊದಲು ಅವರ ಚಾಟ್‌ಗೆ ಹೋಗಿ ರಾತ್ರಿ ಒಂಬತ್ತರ ಮೇಲೆ ಈ ನಾಲ್ಕು ಪ್ರಶ್ನೆ ಕೇಳಿ: ಈ ಪ್ಲಾನಿನ ಇನೋಡ್ ಮಿತಿ ಎಷ್ಟು, ಎಂಟ್ರಿ ಪ್ರೋಸೆಸ್ ಎಷ್ಟು, ನವೀಕರಣಕ್ಕೆ ಜಿಎಸ್‌ಟಿ ಸೇರಿ ಎಷ್ಟಾಗುತ್ತದೆ, ಬ್ಯಾಕಪ್ಪನ್ನು ನಾನೇ ಉಚಿತವಾಗಿ ರಿಸ್ಟೋರ್ ಮಾಡಬಹುದೇ. ಅಂಕಿ ಕೊಟ್ಟು ಉತ್ತರಿಸಿದರೆ ಒಳ್ಳೆಯ ಲಕ್ಷಣ. ‘ಎಲ್ಲವೂ ಅನ್‌ಲಿಮಿಟೆಡ್’ ಎಂದು ಸುತ್ತಿ ಬಳಸಿ ಹೇಳಿದರೆ ಮುಂದಿನ ಕಂಪನಿ ನೋಡಿ. ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕೊಂಡ ದಿನದ ಕೆಲಸ

ಹಣ ಕಟ್ಟುವ ಪುಟದಲ್ಲಿ ಮೊದಲೇ ಟಿಕ್ ಆಗಿರುವ ಎಸ್‌ಇಒ ಟೂಲ್, ಸೆಕ್ಯುರಿಟಿ ಪ್ಯಾಕ್, ಪ್ರೀಮಿಯಂ ಎಸ್‌ಎಸ್‌ಎಲ್ ಎಲ್ಲವನ್ನೂ ತೆಗೆದುಹಾಕಿ. ಖಾತೆ ಸಿಕ್ಕ ಮೇಲೆ ರಿಜಿಸ್ಟ್ರಾರ್ ಬಳಿ ಹೋಗಿ ಹೋಸ್ಟಿಂಗ್‌ನವರು ಕೊಟ್ಟ ಎರಡು ನೇಮ್‌ಸರ್ವರ್ ಹೆಸರುಗಳನ್ನು ಹಾಕಿ. ಸಾಮಾನ್ಯವಾಗಿ ಕೆಲವೇ ಗಂಟೆ, ಹೆಚ್ಚೆಂದರೆ ಎರಡು ದಿನ ಕಾಯಬೇಕು. ಡೊಮೇನ್ ಹೊಸ ಸರ್ವರ್ ಕಡೆ ತಿರುಗುವ ಮೊದಲೇ ಎಸ್‌ಎಸ್‌ಎಲ್ ಹಾಕಲು ಹೋದರೆ ಅದು ಫೇಲ್ ಆಗುತ್ತದೆ. ಸೈಟು ತೆರೆಯುವುದನ್ನು ನೋಡಿಕೊಂಡು ಆಮೇಲೆ ಹಾಕಿ.

ಸಿಪ್ಯಾನೆಲ್‌ನಲ್ಲಿ (ಹೋಸ್ಟಿಂಗ್ ಖಾತೆಯ ನಿಯಂತ್ರಣ ಪುಟ) ಸಾಫ್ಟಾಕ್ಯುಲಸ್ ಎಂಬ ಇನ್‌ಸ್ಟಾಲರ್ ಮೂಲಕ ವರ್ಡ್‌ಪ್ರೆಸ್ ಹಾಕುವಾಗ ಡೈರೆಕ್ಟರಿ ಎಂಬ ಜಾಗ ಖಾಲಿ ಇರಲಿ. ಅಲ್ಲಿ ‘ಡಬ್ಲ್ಯುಪಿ’ ಎಂದು ಮೊದಲೇ ತುಂಬಿದ್ದನ್ನು ಅಳಿಸದಿದ್ದರೆ ಬ್ಲಾಗು ಡೊಮೇನಿನ ಮುಂದೆ ಇನ್ನೊಂದು ಬಾಲ ಹಚ್ಚಿಕೊಂಡು ತೆರೆಯುತ್ತದೆ. ಬಳಕೆದಾರರ ಹೆಸರು ‘ಅಡ್ಮಿನ್’ ಬೇಡ. ಒಳಗೆ ಹೋದ ಮೇಲೆ ಸಮಯವಲಯವನ್ನು ಕೋಲ್ಕತ್ತಾ ಎಂದು ಬದಲಿಸಿ. ಇಲ್ಲದಿದ್ದರೆ ಬೆಳಿಗ್ಗೆ ಆರಕ್ಕೆ ನಿಗದಿ ಮಾಡಿದ ಬರಹ ಹನ್ನೊಂದೂವರೆಗೆ ಪ್ರಕಟವಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ

ವರ್ಡ್‌ಪ್ರೆಸ್ ಲೇಖನದ ಶೀರ್ಷಿಕೆಯಿಂದಲೇ ಅದರ ವಿಳಾಸ, ಅಂದರೆ ಸ್ಲಗ್, ತಯಾರಿಸುತ್ತದೆ. ಇದಕ್ಕೆ ಡೇಟಾಬೇಸ್‌ನಲ್ಲಿ ಇರುವುದು 200 ಅಕ್ಷರದ ಜಾಗ. ಒಂದೊಂದು ಕನ್ನಡ ಚಿಹ್ನೆಯೂ ವಿಳಾಸದಲ್ಲಿ ಪರ್ಸೆಂಟ್ ಗುರುತುಗಳ ಸಂಕೇತವಾಗಿ 9 ಅಕ್ಷರ ತಿನ್ನುತ್ತದೆ. ಒತ್ತು, ಗುಣಿತದ ಚಿಹ್ನೆ, ವ್ಯಂಜನ ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ 22 ಚಿಹ್ನೆಗೆ ಜಾಗ ಮುಗಿಯುತ್ತದೆ. ‘ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆರೋಗ ತಡೆಯುವುದು ಹೇಗೆ’ ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ ‘ಮಲೆನಾಡಿನ-ಅಡಿಕೆ-ತೋಟದಲ್ಲಿ’ ಎಂಬಲ್ಲಿಗೇ ನಿಲ್ಲುತ್ತದೆ, ಕೊಳೆರೋಗದ ಸುದ್ದಿಯೇ ಇರುವುದಿಲ್ಲ. ಆ ಲಿಂಕನ್ನು ಬೇರೆಡೆ ಅಂಟಿಸಿದರೆ ಪರ್ಸೆಂಟ್ ಗುರುತುಗಳ ಉದ್ದ ಸಾಲು ಕಂಡು ಜನ ಒತ್ತಲು ಹೆದರುತ್ತಾರೆ. ಪ್ರಕಟಿಸುವ ಮೊದಲು ಸ್ಲಗ್ಗನ್ನು ರೋಮನ್ ಲಿಪಿಯಲ್ಲಿ ಮೂರು-ನಾಲ್ಕು ಪದಕ್ಕೆ ಇಳಿಸಿ ಬರೆಯಿರಿ. ಫೋಟೊ ಫೈಲುಗಳ ಹೆಸರೂ ರೋಮನ್ ಲಿಪಿಯಲ್ಲೇ ಇರಲಿ. ಕನ್ನಡ ಹೆಸರುಗಳು ಬ್ಯಾಕಪ್ ಜಿಪ್ ಬಿಚ್ಚುವಾಗ ಕೆಟ್ಟುಹೋಗಿ ಚಿತ್ರಗಳು ಕಾಣೆಯಾಗುವುದುಂಟು.

ಡೇಟಾಬೇಸ್ ಯುಟಿಎಫ್8ಎಂಬಿ4 ಎಂಬ ಅಕ್ಷರ ಸಂಕೇತ ಮಾದರಿಯಲ್ಲಿದೆಯೇ ಎಂದು ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸ್ ನೋಡುವ ಸಾಧನ) ತೆರೆದು ನೋಡಿ. ಹಳೆಯ ಲ್ಯಾಟಿನ್1 ಮಾದರಿ ಇದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಉಳಿಯಬಹುದು. ಹಾಗೆ ಒಮ್ಮೆ ಉಳಿದುಕೊಂಡ ಬರಹವನ್ನು ಮತ್ತೆ ಕನ್ನಡಕ್ಕೆ ತರಲು ಆಗುವುದಿಲ್ಲ, ಮೂಲ ಅಕ್ಷರ ಅಲ್ಲಿ ಇರುವುದೇ ಇಲ್ಲ.

ಹಣ ವಾಪಸ್ ಅವಧಿ ಮುಗಿಯುವ ಮುನ್ನ

ಬಹಳ ಕಂಪನಿಗಳು 30 ದಿನದ ಗಡುವು ಕೊಡುತ್ತವೆ. ಮೊದಲ ವಾರದಲ್ಲೇ ಐದಾರು ಬರಹ, ಹತ್ತಿಪ್ಪತ್ತು ಫೋಟೊ ಹಾಕಿ, ರಾತ್ರಿ ಎಂಟರಿಂದ ಹತ್ತರ ನಡುವೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೂರು ದಿನ ಪರೀಕ್ಷಿಸಿ. ಸರ್ವರ್ ಉತ್ತರಿಸುವ ಸಮಯ 600 ಮಿಲಿಸೆಕೆಂಡ್ ದಾಟಿದರೆ ಅದು ಎಚ್ಚರಿಕೆ ಕೊಡುತ್ತದೆ. ಕ್ಯಾಶ್ ಹಾಕಿದ ಮೇಲೂ ಮೂರು ದಿನ ಅದೇ ಎಚ್ಚರಿಕೆ ಬಂದರೆ ಆ ಸರ್ವರ್‌ನಲ್ಲಿ ಗಿರಾಕಿಗಳನ್ನು ಕಿಕ್ಕಿರಿದು ತುಂಬಿದ್ದಾರೆ, ಹಣ ವಾಪಸ್ ಕೇಳಿ.

ಅಪ್‌ಡ್ರಾಫ್ಟ್‌ಪ್ಲಸ್ ಪ್ಲಗಿನ್‌ನ ಉಚಿತ ಆವೃತ್ತಿ ಹಾಕಿ, ವಾರಕ್ಕೊಮ್ಮೆ ಬ್ಯಾಕಪ್ ನಿಮ್ಮ ಗೂಗಲ್ ಡ್ರೈವ್‌ಗೆ ಹೋಗುವಂತೆ ಮಾಡಿ. ಹೋಸ್ಟಿಂಗ್‌ನವರ ಬ್ಯಾಕಪ್ಪನ್ನಷ್ಟೇ ನಂಬಬೇಡಿ, ಖಾತೆ ಸ್ಥಗಿತವಾದರೆ ಅದೂ ಸಿಗುವುದಿಲ್ಲ. ಬ್ಯಾಕಪ್ ಆದ ಮೇಲೆ ಪರೀಕ್ಷೆಗೆಂದು ಬರೆದ ಒಂದು ಬರಹವನ್ನು ಅಳಿಸಿ, ಡ್ರೈವ್‌ನಲ್ಲಿರುವ ಪ್ರತಿಯಿಂದ ರಿಸ್ಟೋರ್ ಮಾಡಿ ನೋಡಿ. ಬರಹ, ಚಿತ್ರ ಎರಡೂ ಮರಳಿ ಬಂದರೆ ಮಾತ್ರ ಅದು ಬ್ಯಾಕಪ್.

ಮುಂದೆ ಬೇರೆ ಹೋಸ್ಟಿಂಗ್‌ಗೆ ಹೋಗುವಾಗಲೂ ಇದೇ ಪ್ರತಿ ಸಾಕು. ಹೊಸ ಕಡೆ ವರ್ಡ್‌ಪ್ರೆಸ್ ಹಾಕಿ, ಅದೇ ಪ್ಲಗಿನ್‌ನಿಂದ ರಿಸ್ಟೋರ್ ಮಾಡಿ, ಎಲ್ಲ ಸರಿಯಿದೆ ಎಂದು ನೋಡಿಕೊಂಡ ಮೇಲೆ ನೇಮ್‌ಸರ್ವರ್ ಬದಲಿಸಿ. ಹಳೆಯ ಖಾತೆಯನ್ನು ಅಂದೇ ಮುಚ್ಚದೆ ಒಂದು ವಾರ ಹಾಗೇ ಬಿಡಿ. ಡೊಮೇನಿನ ಇಮೇಲ್ ಅಲ್ಲೇ ಇದ್ದರೆ ಮೊದಲು ಆ ಮೇಲ್‌ಗಳನ್ನು ಇಳಿಸಿಕೊಳ್ಳಿ, ವರ್ಡ್‌ಪ್ರೆಸ್ ಬ್ಯಾಕಪ್‌ನಲ್ಲಿ ಅವು ಬರುವುದಿಲ್ಲ.