ಒಂದೇ ಸೇತುವೆ, ಬೇಸಿಗೆಗೊಮ್ಮೆ ಮಳೆಗೊಮ್ಮೆ

ರಸ್ತೆಯ ಮೇಲೆ ನಿಂತು ತೆಗೆದರೆ ಚಿತ್ರದಲ್ಲಿ ಬರುವುದು ರಸ್ತೆ. ಸೇತುವೆ ಇರುವುದು ಅದರ ಕೆಳಗೆ: ಕಂಬ, ಕಮಾನು, ಗರ್ಡರ್, ದಡದ ಗೋಡೆ. ಮಲೆನಾಡಿನ ಸೇತುವೆ ಎಷ್ಟು ಭಾರ ತಡೆಯುತ್ತದೆಂದು ಒಂದೇ ಚಿತ್ರದಿಂದ ತಿಳಿಯುವುದೂ ಕಷ್ಟ. ಏಪ್ರಿಲ್‌ನಲ್ಲಿ ಬಂಡೆಗಳ ಸಂದಿಯಲ್ಲಿ ಸಣ್ಣಗೆ ಹರಿಯುವ ಹೊಳೆ ಜುಲೈನಲ್ಲಿ ಕಂಬದ ಕುತ್ತಿಗೆಗೆ ಬಂದಿರುತ್ತದೆ. ಅದಕ್ಕೇ ನಾನು ಪ್ರತಿ ಸೇತುವೆಯನ್ನೂ ಒಂದೇ ಜಾಗದಿಂದ, ಒಂದೇ ಲೆನ್ಸಿನಲ್ಲಿ, ವರ್ಷಕ್ಕೆ ಎರಡು ಸಲ ತೆಗೆಯುತ್ತೇನೆ.

ಜಾಗ ಹುಡುಕುವುದು ಬೇಸಿಗೆಯಲ್ಲಿ. ಮೊದಲು ನೆರೆಯ ಗುರುತು ನೋಡಬೇಕು. ಕಂಬದ ಮೇಲೆ ಕೆಸರಿನ ಗೆರೆ ಇರುತ್ತದೆ. ದಡದ ಹೊಂಗೆ, ಹೊಳೆಮತ್ತಿ ಮರಗಳ ಕೊಂಬೆಯಲ್ಲಿ ಒಣಗಿದ ಕಸ, ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. ಟ್ರೈಪಾಡ್ ನಿಲ್ಲುವ ನೆಲ ಅದಕ್ಕಿಂತ ಕನಿಷ್ಠ 2 ಮೀಟರ್ ಮೇಲಿರಲಿ. ಮರಳದಿಬ್ಬದ ಮೇಲಿಂದ ನೋಟ ಎಷ್ಟೇ ಚೆನ್ನಾಗಿರಲಿ, ಮಳೆಗಾಲದಲ್ಲಿ ಆ ದಿಬ್ಬವೇ ಇರುವುದಿಲ್ಲ, ಜೋಡಿಯ ಎರಡನೇ ಚಿತ್ರ ಕೈತಪ್ಪುತ್ತದೆ.

ಎಷ್ಟು ದೂರ ನಿಲ್ಲಬೇಕೆಂಬುದಕ್ಕೆ ಸುಲಭದ ಲೆಕ್ಕವಿದೆ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ. ಸೇತುವೆಯ ಉದ್ದವನ್ನು ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂಗ್ತ್‌ನಿಂದ ಗುಣಿಸಿ 36ರಿಂದ ಭಾಗಿಸಿದರೆ ದೂರ ಸಿಗುತ್ತದೆ. 120 ಮೀಟರ್ ಸೇತುವೆಗೆ 35 ಮಿ.ಮೀ. ಲೆನ್ಸ್ ಹಾಕಿದರೆ ಸುಮಾರು 117 ಮೀಟರ್. ಎರಡೂ ದಡ ಕಾಣಲು ಇನ್ನು 15–20 ಮೀಟರ್ ಸೇರಿಸಿ. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಆದರೆ 36ರ ಬದಲು ಸುಮಾರು 23.5. ಉದ್ದವನ್ನು ಮನೆಯಲ್ಲೇ ಗೂಗಲ್ ಮ್ಯಾಪಿನಲ್ಲಿ ಅಳೆಯಬಹುದು. ಜಾಗ ಸಾಲದೆಂದು 16–20 ಮಿ.ಮೀ. ಹಾಕಿ ಓರೆಯಾಗಿ ತೆಗೆದರೆ ಹತ್ತಿರದ ಕಂಬ ಗುಡಾಣದಂತೆ, ದೂರದ್ದು ಬೆಂಕಿಕಡ್ಡಿಯಂತೆ ಕಾಣುತ್ತದೆ. ಬದಲಿಗೆ ಕ್ಯಾಮೆರಾ ನಿಲುವಾಗಿ ಹಿಡಿದು, ಮೂರನೇ ಒಂದು ಪಾಲು ಒಂದರ ಮೇಲೊಂದು ಬರುವಂತೆ ಐದಾರು ಚಿತ್ರ ತೆಗೆದು ಹೊಲಿಯುತ್ತೇನೆ. ಹರಿಯುವ ನೀರು ಹೊಲಿಗೆಯಲ್ಲಿ ಕೂಡುವುದಿಲ್ಲ. ಜೋಡಣೆಯ ಗೆರೆಯನ್ನು ಕಂಬದ ಮೇಲೆ ತಂದರೆ ಗೊತ್ತಾಗುವುದಿಲ್ಲ.

ಕ್ಯಾಮೆರಾ ಮೇಲಕ್ಕೆ ಬಾಗಿಸಿದರೆ ಕಂಬಗಳೆಲ್ಲ ಹಿಂದಕ್ಕೆ ವಾಲುತ್ತವೆ. ಸಮಮಟ್ಟದಲ್ಲೇ ಇಟ್ಟು, ಮುಂದಿನ ನೆಲ ಹೆಚ್ಚಾಗಿ ಬಂದರೆ ಆಮೇಲೆ ಕತ್ತರಿಸಬೇಕು. ಹಳೆಯ ಸೈಜುಗಲ್ಲಿನ ಕಂಬಗಳಲ್ಲಿ ಒಂದು ಎಚ್ಚರಿಕೆ: ಎಷ್ಟೋ ಕಡೆ ಅವು ಬುಡದಲ್ಲಿ ದಪ್ಪ, ಮೇಲೆ ತೆಳು. ಅವುಗಳ ಅಂಚನ್ನು ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿದರೆ ಸೇತುವೆಯ ಆಕಾರವೇ ಸುಳ್ಳಾಗುತ್ತದೆ. ಪಕ್ಕದ ಹೊಸ ಸೇತುವೆಯ ಕಾಂಕ್ರೀಟ್ ಕಂಬವನ್ನೋ ದೀಪದ ಕಂಬವನ್ನೋ ಅಳತೆಗೆ ಹಿಡಿಯಿರಿ.

ಮತ್ತೆ ಅದೇ ಜಾಗಕ್ಕೆ ಬರುವುದು ಹೇಗೆ? ಫೋನಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತದೆ, ಮರಗಳ ಕೆಳಗೆ ಇನ್ನೂ ಹೆಚ್ಚು. ನಾನು ನಂಬುವುದು ಸಾಲುಗೂಡುವ ಗುರುತುಗಳನ್ನು. ಎರಡನೇ ಕಂಬದ ಬಲ ಅಂಚಿನ ಹಿಂದೆ ಯಾವ ಬಂಡೆ ಇದೆ, ತಡೆಗೋಡೆಯ ಕೊನೆಯ ಹಿಂದೆ ಯಾವ ಗುಡ್ಡದ ತುದಿ ಇದೆ ಎಂದು ಬರೆದಿಡುತ್ತೇನೆ. ಎಡದಲ್ಲೊಂದು, ಬಲದಲ್ಲೊಂದು ಇಂಥ ಜೋಡಿ ಇದ್ದರೆ ಒಂದು ಹೆಜ್ಜೆ ತಪ್ಪಿದರೂ ತಿಳಿಯುತ್ತದೆ. ಮರದ ಕೊಂಬೆಯನ್ನು ಗುರುತು ಮಾಡಬೇಡಿ, ಮೂರು ತಿಂಗಳಲ್ಲಿ ಎಲೆ ಅದನ್ನು ಮುಚ್ಚುತ್ತದೆ. ಜೊತೆಗೆ ಲೆನ್ಸಿನ ಎತ್ತರ ಸೆಂ.ಮೀ.ನಲ್ಲಿ, ಫೋಕಲ್ ಲೆಂಗ್ತ್, ಗಂಟೆ. ಬೇಸಿಗೆಯ ಚಿತ್ರವನ್ನು ಕಾರ್ಡಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯುವುದು ಒಳ್ಳೆಯದು. ಒದ್ದೆ ಕೈಗೆ ಫೋನಿನ ಪರದೆ ಸ್ಪಂದಿಸುವುದಿಲ್ಲ.

ಬೆಳಕಿಗೂ ಪಂಚಾಂಗ ಬೇಕು. ಉತ್ತರ–ದಕ್ಷಿಣವಾಗಿ ಚಾಚಿದ ಸೇತುವೆಗೆ ಬೆಳಿಗ್ಗೆ ಒಂದು ಮುಖ, ಸಂಜೆ ಇನ್ನೊಂದು, ತೊಂದರೆಯಿಲ್ಲ. ಪೂರ್ವ–ಪಶ್ಚಿಮದ್ದಾದರೆ ಅದರ ಉತ್ತರ ಮುಖ ಚಳಿಗಾಲವಿಡೀ ನೆರಳಲ್ಲೇ. ಹಾಸನ, ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ ಬಂದರೆ ಮೋಡ. ಹಾಗಾಗಿ ಉತ್ತರ ಮುಖಕ್ಕೆ ಸಿಗುವುದು ಮೇ ತಿಂಗಳು ಮಾತ್ರ, ಅದರಲ್ಲೂ ಬೆಳಿಗ್ಗೆ 6:30ರಿಂದ 8. ಆಗ ಓರೆ ಬಿಸಿಲು ಕಲ್ಲಿನ ಉಳಿಯೇಟು, ಗಾರೆಯ ಸಂದು ಎಲ್ಲವನ್ನೂ ಎತ್ತಿ ತೋರಿಸುತ್ತದೆ.

ಹಳೆಯದು, ಹೊಸದು ಅಕ್ಕಪಕ್ಕ ಇದ್ದಲ್ಲಿ ಪಾಚಿಗಟ್ಟಿದ ಕಲ್ಲು ಕಪ್ಪು, ಕಾಂಕ್ರೀಟ್ ಬಿಳಿ. ಮಧ್ಯಾಹ್ನ ಎರಡಕ್ಕೂ ಮೂರು–ನಾಲ್ಕು ಸ್ಟಾಪ್ ವ್ಯತ್ಯಾಸ ಬರುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಕಾಂಕ್ರೀಟಿಗೆ ಎಕ್ಸ್‌ಪೋಸ್ ಮಾಡಿ, ಕ್ಯಾಮೆರಾ ತೋರಿಸುವ ಬೆಳಕಿನ ಗ್ರಾಫ್, ಅಂದರೆ ಹಿಸ್ಟೊಗ್ರಾಮ್, ಬಲ ಅಂಚಿಗೆ ತಾಗದಂತೆ ನೋಡಿಕೊಂಡು, ಕಲ್ಲಿನ ನೆರಳನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ಎತ್ತುತ್ತೇನೆ. ಮೋಡದ ದಿನ ಸಿಕ್ಕರೆ ಈ ಪಾಡೇ ಇಲ್ಲ.

ಮಳೆಗಾಲದ ಭೇಟಿಯ ದಿನ ಹೊಳೆಯಿಂದ ಹೊಳೆಗೆ ಬೇರೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಸಕಲೇಶಪುರದಲ್ಲಿ ನೀರು ಏರಬೇಕಾದರೆ ಮೂಡಿಗೆರೆ ಕಡೆ ಮಳೆ ಹಿಡಿದಿರಬೇಕು. ಹೊಳೆನರಸೀಪುರ ಅದೇ ಹೊಳೆಗೆ ಕಟ್ಟಿದ ಗೊರೂರು ಅಣೆಕಟ್ಟಿನ ಕೆಳಗಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಗೇಟು. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಪತ್ರಿಕೆಯಲ್ಲಿ ಮಟ್ಟ ಅದರ ಹತ್ತಿರ ಬಂದು ಒಳಹರಿವು ಜೋರಾಗಿದ್ದರೆ ಹೊರಡಬಹುದು, ಆದರೆ ನೀರಿನ ಪಾತ್ರಕ್ಕೆ ಮಾತ್ರ ಇಳಿಯಬಾರದು. ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿ ಸುದ್ದಿಯಾಗುತ್ತಿದ್ದುದು ಎಲ್ಲರಿಗೂ ಗೊತ್ತು. ಅಂಥ ತಗ್ಗಿನ ಸೇತುವೆಯನ್ನು ದೂರದ ಎತ್ತರದಿಂದ 200 ಮಿ.ಮೀ.ನಲ್ಲೇ ತೆಗೆಯಬೇಕು.

ಕೆಂಪು ನೀರಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಒಂದೆರಡು ಸೆಕೆಂಡ್ ತೆರೆದಿಟ್ಟರೆ ಹೊಳೆ ಚಹಾ ಚೆಲ್ಲಿದ ಬಟ್ಟೆಯಂತಾಗುತ್ತದೆ. ಕಂಬಕ್ಕೆ ಬಡಿದು ಸೀಳುವ ನೀರು, ಅದರ ಹಿಂದಿನ ಸುಳಿ ಕಾಣಬೇಕಾದರೆ 1/60ರಿಂದ 1/125 ಸೆಕೆಂಡ್ ಸಾಕು. ಮಂಜಿದ್ದರೆ ಮೀಟರ್ ತೋರಿಸಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಕೊಡಿ, ಇಲ್ಲದಿದ್ದರೆ ಬೂದಿ ಬಣ್ಣ ಬರುತ್ತದೆ.

ಕೊಣನೂರಿನಲ್ಲಿ ಕಾವೇರಿಗೆ ಇರುವಂಥ ತೂಗುಸೇತುವೆಯ ಹಲಗೆಯ ಮೇಲೆ ಟ್ರೈಪಾಡ್ ಇಡುವುದು ವ್ಯರ್ಥ. ಆಚೆ ತುದಿಯಲ್ಲಿ ಒಬ್ಬರು ನಡೆದರೂ ಈಚೆ ತುದಿ ಅಲುಗುತ್ತದೆ. ಗೋಪುರದ ಬುಡದ ಕಾಂಕ್ರೀಟ್ ಮೇಲೆ ನಿಲ್ಲಬೇಕು. ಕೈಯಲ್ಲಿ ಹಿಡಿದು ತೆಗೆಯುವುದಾದರೆ 1/250ಕ್ಕಿಂತ ನಿಧಾನ ಬೇಡ. ಅಡಿಕೆ ಮರದ ಕಾಲುಸಂಕಗಳನ್ನು ಮಾತ್ರ ಮುಂದೂಡಬೇಡಿ. ಒಂದು ನೆರೆಗೆ ಹೋದರೆ ಮುಂದಿನ ಸಲ ಅದೇ ರೂಪದಲ್ಲಿ ಏಳುವುದಿಲ್ಲ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಸೇತುವೆಗಳ ಮೇಲೆ ನಡೆದು ತೆಗೆದ ಚಿತ್ರಗಳು ಬಹಳ ಓಡಾಡುತ್ತವೆ. ಹಳಿಯ ಮೇಲೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ, ಮತ್ತು ಸೇತುವೆಯ ನಡುವೆ ರೈಲು ಬಂದರೆ ಸರಿಯಲು ಜಾಗವಿಲ್ಲ. ಹಗಲಿನ ರೈಲಿನಲ್ಲಿ ಕೂತು, ತಿರುವಿನಲ್ಲಿ 1/1000 ಸೆಕೆಂಡಿಗೆ ತೆಗೆಯಿರಿ. ಗಾಜಿನ ಹಿಂದಿದ್ದರೆ ರಬ್ಬರ್ ಹುಡ್ ಒತ್ತಿ ಹಿಡಿಯಿರಿ.

ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಬೆವರುತ್ತದೆ. ಕೊನೆಯ ಅರ್ಧ ಗಂಟೆ ಎಸಿ ನಿಲ್ಲಿಸಿ. ಮನೆಗೆ ಬಂದು ಒರೆಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವಾಂಶ 40–50 ಶೇಕಡಾ ಇರುವಂತೆ ಇಡಿ. ಚರ್ಮದ ಚೀಲದಲ್ಲಿ ಬಿಟ್ಟರೆ ಒಂದೇ ಮಳೆಗಾಲಕ್ಕೆ ಗಾಜಿಗೆ ಬೂಷ್ಟು ಹಿಡಿಯುತ್ತದೆ.

ಸಾಧ್ಯವಾದರೆ ದೀಪಾವಳಿಯ ಹೊತ್ತಿಗೆ ಮೂರನೇ ಸಲ ಹೋಗಿ. ನೀರು ಇಳಿದಿರುತ್ತದೆ, ಕಂಬದ ಮೇಲೆ ಹೊಸ ಕೆಸರಿನ ಗೆರೆ ಮೂಡಿರುತ್ತದೆ, ತೇಲಿಬಂದ ದಿಮ್ಮಿಗಳು ಇನ್ನೂ ಸಿಕ್ಕಿಕೊಂಡಿರುತ್ತವೆ. ಹತ್ತಿರದ ಚಿತ್ರಗಳನ್ನು ಆಗಲೇ ತೆಗೆಯಬೇಕು. ಊರಿನವರು ದಿಮ್ಮಿಗಳನ್ನು ಸೌದೆಗೆ ಎಳೆದುಕೊಂಡು ಹೋಗುವ ಮೊದಲು.